ಕಣ್ಣು ಮೊದಲು ಹೋಗುವುದೆಲ್ಲಿಗೆ?

ಆತ್ಮೀಯರೇ,

ನಿಮ್ಮ ಕಾಗದ ತಲುಪಿತು. ‘ಮಾತೇ ಬಾರದ ಚಿಂಪಾಂಜಿ ಏನು ಯೋಚಿಸುತ್ತದೆ ಅಂತ ವಿಜ್ಞಾನಿಗಳು ಹೇಳಿಬಿಡುತ್ತಾರಲ್ಲ, ಅದೆಲ್ಲ ಅವರ ಊಹೆ ತಾನೆ?’ ಎಂದು ಕೇಳಿದ್ದೀರಿ. ಒಳ್ಳೆಯ ತಕರಾರು. ಚಿಂಪಾಂಜಿಗೆ ಇನ್ನೊಬ್ಬರ ಮನಸ್ಸು ತಿಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರಿಮ್ಯಾಕ್ ಮತ್ತು ವುಡ್ರಫ್ ಎಂಬ ಮನೋವಿಜ್ಞಾನಿಗಳು 1978ರಲ್ಲೇ ಎತ್ತಿದ್ದರು. ಅಲ್ಲಿಂದಾಚೆ ಜಗ್ಗಾಟವೋ ಜಗ್ಗಾಟ. ಎದುರಿಗಿರುವವರು ತಪ್ಪು ತಿಳಿದುಕೊಂಡಿದ್ದಾರೆ ಎಂಬುದನ್ನು ಗ್ರಹಿಸಬೇಕಾದ ಪರೀಕ್ಷೆಗಳಲ್ಲಂತೂ ಚಿಂಪಾಂಜಿಗಳು ನಪಾಸಾಗುತ್ತಲೇ ಬಂದವು. ಆದರೆ ಆ ಪರೀಕ್ಷೆಗಳಲ್ಲಿ ಡಬ್ಬಿ ಆರಿಸಬೇಕು, ತಿನಿಸು ಹುಡುಕಬೇಕು. ಅಲ್ಲಿ ಸೋತದ್ದು ತಿಳಿವಳಿಕೆಯೋ, ತಿನಿಸು ಕಂಡಾಗ ತಡೆಯಲಾಗದ ಆಸೆಯೋ, ಆಟದ ನಿಯಮವೇ ಅರ್ಥವಾಗದ ಗಲಿಬಿಲಿಯೋ ಹೇಗೆ ಹೇಳುವುದು?

ಹಾಗಾಗಿ ಕೆಲವರು ಏನನ್ನೂ ಕೇಳದೆ ಸುಮ್ಮನೆ ಸಿನಿಮಾ ತೋರಿಸಿದರು. ನೋಡುವ ಕಣ್ಣನ್ನು ಅಳೆದರು.

ಹಾಗೆ ಅಳೆಯುವ ಐ ಟ್ರ್ಯಾಕರ್ ಎಂಬ ಯಂತ್ರ ಕೂರುವುದು ಪರದೆಯ ಕೆಳಗೆ. ಅದು ಬೀರುವ ಅವಕೆಂಪು ಬೆಳಕು ಕಾರ್ನಿಯಾದ ಮೇಲೆ ಚುಕ್ಕಿಯಾಗಿ ಹೊಳೆಯುತ್ತದೆ. ಕಣ್ಣ ಪಾಪೆಯ ನಡುವಿಗೂ ಆ ಚುಕ್ಕಿಗೂ ಇರುವ ಅಂತರದಿಂದ, ನೋಟ ಪರದೆಯ ಯಾವ ಜಾಗದ ಮೇಲಿದೆ ಎಂದು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಸಿಗುತ್ತದೆ. ಇದನ್ನೇ ಹಿಂದೆ ಮಂಗಗಳ ತಲೆ ಅಲುಗದಂತೆ ಬಿಗಿದು, ಕಣ್ಣಿಗೆ ತಂತಿಯ ಸುರುಳಿ ಕೂರಿಸಿ ಅಳೆಯುತ್ತಿದ್ದರು. ನೆನೆದರೆ ಮೈ ಜುಮ್ಮೆನ್ನುತ್ತದೆ. ಜಪಾನಿನ ಫುಮಿಹಿರೊ ಕಾನೊ ಮತ್ತು ಸಂಗಡಿಗರ ದಾರಿ ಬೇರೆ. ಪಾರದರ್ಶಕ ಫಲಕದ ಮೂಲಕ ಸಣ್ಣ ನಳಿಗೆಯೊಂದರಲ್ಲಿ ಹಣ್ಣಿನ ರಸ ಬರುತ್ತಿರುತ್ತದೆ. ರಸ ಹೀರುತ್ತಾ ನಿಂತ ಪ್ರಾಣಿಯ ತಲೆ ತಾನಾಗಿಯೇ ಒಂದು ಕಡೆ ನಿಲ್ಲುತ್ತದೆ. ಬೇಸರವಾದರೆ ಅದು ತನ್ನ ಪಾಡಿಗೆ ಹೊರಟುಹೋಗಬಹುದು.

ಇನ್ನು ಸಿನಿಮಾದ ಕಥೆ. ಕಿಂಗ್ ಕಾಂಗ್ ವೇಷದವನೊಬ್ಬ ಮನುಷ್ಯನ ಮೇಲೆ ಕೈಮಾಡಿ, ಎರಡು ಹುಲ್ಲಿನ ಕುಪ್ಪೆಗಳಲ್ಲಿ ಒಂದರ ಹಿಂದೆ ಅಡಗುತ್ತಾನೆ. ಪೆಟ್ಟು ತಿಂದವನು ಅದನ್ನು ನೋಡಿಕೊಂಡು, ಕೋಲು ತರಲು ಬಾಗಿಲಾಚೆ ಹೋಗುತ್ತಾನೆ. ಅಷ್ಟರಲ್ಲಿ ವೇಷಧಾರಿ ಜಾಗ ಬದಲಿಸಿ, ಕೊನೆಗೆ ಅಲ್ಲಿಂದಲೇ ಪರಾರಿ. ಈ ಪರಾರಿಯಲ್ಲೇ ಇದೆ ನೋಡಿ ಇಡೀ ಪ್ರಯೋಗದ ಜಾಣತನ. ವೇಷಧಾರಿ ಈಗ ಎರಡೂ ಕಡೆ ಇಲ್ಲ. ಆದ್ದರಿಂದ ‘ಅವನು ಇರುವಲ್ಲಿ ನೋಡಿತು ಅಷ್ಟೇ’ ಎಂದು ತಳ್ಳಿಹಾಕುವಂತಿಲ್ಲ. ಕೋಲು ಹಿಡಿದವನು ಮರಳಿ ಬಂದು ಕುಪ್ಪೆಗಳ ನಡುವೆ ನಡೆಯುತ್ತಾನೆ, ಇನ್ನೂ ಎತ್ತ ಕಡೆಗೂ ಬೀಸಿಲ್ಲ. ಆ ಕೆಲವೇ ಸೆಕೆಂಡುಗಳಲ್ಲಿ ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗಳ ಕಣ್ಣು ಮೊದಲು ಹೋದದ್ದು ಹೆಚ್ಚಾಗಿ, ಆ ಮನುಷ್ಯ ತಪ್ಪಾಗಿ ನಂಬಿಕೊಂಡಿದ್ದ ಕುಪ್ಪೆಯತ್ತ! ಲೀಪ್ಸಿಗ್ ಮೃಗಾಲಯದಲ್ಲೂ ಕ್ಯೋಟೊ ವಿಶ್ವವಿದ್ಯಾಲಯದ ಕುಮಾಮೊಟೊ ಧಾಮದಲ್ಲೂ ನಡೆದ ಈ ಕೆಲಸವನ್ನು ಕ್ರಿಸ್ಟೋಫರ್ ಕ್ರುಪೆನ್ಯೆ, ಕಾನೊ ಮತ್ತಿತರರು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಿಮ್ಮ ಹಾಗೆಯೇ ಅನುಮಾನಿಸಿದವರು ಅಲ್ಲೂ ಇದ್ದರು. ಬಣ್ಣ, ಚಲನೆಗಳ ಸೆಳೆತಕ್ಕೂ ನೋಟ ಹಾಗೆ ಹರಿಯಬಹುದು ಎಂದು ಮನೋವಿಜ್ಞಾನಿ ಸೆಸಿಲಿಯಾ ಹೇಯ್ಸ್ ವಾದಿಸಿದರು. ‘ಕಣ್ಣಿಗೆ ಕಾಣದಿದ್ದವನಿಗೆ ವಿಷಯ ಗೊತ್ತಿರುವುದಿಲ್ಲ’ ಎಂಬ ಬರೀ ಒಂದು ರೂಢಿಯ ಸೂತ್ರ ಅವಕ್ಕೆ ಗೊತ್ತಿದ್ದರೂ ಸಾಕಲ್ಲ ಎಂಬ ಮಾತೂ ಇತ್ತು. ಇದಕ್ಕೆ 2019ರಲ್ಲಿ ಕಾನೊ ತಂಡ ಕೊಟ್ಟ ಉತ್ತರ ನನಗೆ ಇಡೀ ಕಥೆಯಲ್ಲೇ ಪ್ರಿಯವಾದದ್ದು. ದೂರದಿಂದ ಒಂದೇ ಥರ ಕಾಣುವ ಎರಡು ತಡೆಗಳು; ಹತ್ತಿರ ಹೋದರೆ ಒಂದರ ಮೂಲಕ ಆಚೆಯದು ಕಾಣುತ್ತದೆ, ಇನ್ನೊಂದರ ಮೂಲಕ ಇಲ್ಲ. ಕೆಲವು ಪ್ರಾಣಿಗಳಿಗೆ ಒಂದರ ಅನುಭವ, ಉಳಿದವಕ್ಕೆ ಇನ್ನೊಂದರದು. ಆಮೇಲೆ ಎಲ್ಲಕ್ಕೂ ಒಂದೇ ಸಿನಿಮಾ. ಅಂಥದೇ ತಡೆಯ ಹಿಂದೆ ನಿಂತವನು ಮೋಸಹೋಗುತ್ತಾನೆ ಎಂಬಂತೆ ನೋಡಿದ್ದು, ಆಚೆಯದು ಕಾಣದ ತಡೆಯನ್ನು ಸ್ವತಃ ಬಳಸಿ ತಿಳಿದಿದ್ದವು ಮಾತ್ರ. ತಮ್ಮ ಅನುಭವದಿಂದ ಇನ್ನೊಬ್ಬರನ್ನು ಅಳೆದವು ಎಂದೇ ಆಯಿತಲ್ಲ.

ಹಾಗಂತ ನೋಟವೇ ಮಾತಲ್ಲ, ಒಪ್ಪುತ್ತೇನೆ. ಎರಡು ವರ್ಷದ ಮಕ್ಕಳ ಮೇಲಿನ ಇಂಥದೇ ನೋಟದ ಪ್ರಯೋಗಗಳು ಕೆಲವು ಕಡೆ ಮರಳಿ ಮಾಡಿದಾಗ ಅದೇ ಫಲ ಕೊಡಲಿಲ್ಲ. ಎಚ್ಚರ ಬೇಕೇಬೇಕು. ಆದರೆ ಬರೀ ಊಹೆ ಎನ್ನುವ ಕಾಲ ಮುಗಿಯಿತು ಎಂದೇ ನನ್ನ ತೀರ್ಮಾನ.

ಲೂಯಿಸ್ ಎಂಬ ಬೊನೊಬೊ ವಿಷಯ ಹೇಳದಿದ್ದರೆ ಪತ್ರ ಪೂರ್ತಿಯಾಗದು. ವಿಜ್ಞಾನಿ ಲಾರಾ ಸಿಮೋನ್ ಲೂಯಿಸ್, ಕ್ರುಪೆನ್ಯೆ ಮತ್ತಿತರರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎಡಿನ್‌ಬರೊ, ಬೆಲ್ಜಿಯಂನ ಪ್ಲಾಂಕನ್‌ಡೇಲ್ ಮತ್ತು ಕುಮಾಮೊಟೊಗಳ 26 ಚಿಂಪಾಂಜಿ–ಬೊನೊಬೊಗಳ ಮುಂದೆ ಎರಡೆರಡು ಫೋಟೊ: ಒಂದು ಹಳೆಯ ಒಡನಾಡಿಯದು, ಒಂದು ಅಪರಿಚಿತರದು. ನೋಟ ಒಡನಾಡಿಯ ಮೇಲೆ ಹೆಚ್ಚು ಹೊತ್ತು ನಿಂತಿತು. ಚೆನ್ನಾಗಿ ಹೊಂದಿಕೊಂಡಿದ್ದವರ ಮೇಲೆ ಇನ್ನಷ್ಟು. ಬೊನೊಬೊ ಲೂಯಿಸ್ ತನ್ನ ಅಕ್ಕತಂಗಿಯರಲ್ಲೊಬ್ಬಳಾದ ಲೊರೆಟ್ಟಾಳನ್ನೂ ಒಡಹುಟ್ಟಿದವರೊಬ್ಬರ ಮಗ ಎರಿನ್‌ನನ್ನೂ ನೋಡಿ 26 ವರ್ಷ ದಾಟಿತ್ತು. ಆದರೂ ಅವಳ ಕಣ್ಣು ಹೋದದ್ದು ಅವರ ಚಿತ್ರಗಳತ್ತಲೇ.

ಒಡನಾಡಿಗಳನ್ನು ಇಷ್ಟು ಕಾಲ ನೆನಪಿಡುವ ಈ ಪ್ರಾಣಿಗಳನ್ನು ಮೃಗಾಲಯಗಳು ಸಂತಾನಾಭಿವೃದ್ಧಿಗೆಂದು ಊರಿಂದೂರಿಗೆ ಸಾಗಿಸುತ್ತಿರುತ್ತವೆ. ಹಾಗೆ ಸಾಗಿಸುವ ನಿರ್ಧಾರದಲ್ಲಿ ವಯಸ್ಸು, ವಂಶ, ಆರೋಗ್ಯದ ಜೊತೆಗೆ ಯಾರು ಯಾರ ಸಂಗಡ ಬೆಳೆದರು ಎಂಬುದಕ್ಕೂ ತೂಕ ಸಿಗಬೇಕು ಎಂದು ನನಗನಿಸುತ್ತದೆ. ನಿಮಗೆ ಏನನಿಸುತ್ತದೆ, ಬಿಡುವಾದಾಗ ಬರೆಯಿರಿ.

ನಿಮ್ಮವ