ದೊಡ್ಡ ಕೊಳಲು

ನಮ್ಮ ಸೀಮೆಯ ಹುಡುಗರಿಗೆ ಮೊದಲ ಕೊಳಲು ಸಿಗುವುದು ಜಾತ್ರೆಯಲ್ಲಿ. ಗದಗಿನ ತೋಂಟದಾರ್ಯ ಮಠದ ಜಾತ್ರೆ ಇರಲಿ, ಶಿರಹಟ್ಟಿಯ ಫಕೀರೇಶ್ವರರ ಜಾತ್ರೆ ಇರಲಿ, ಮುಂಡರಗಿಯ ಅನ್ನದಾನೀಶ್ವರ ಮಠದ ತೇರಿರಲಿ, ಬೆಂಡು-ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಕೊಳಲು ಮಾರುವವನೊಬ್ಬ ನಿಂತೇ ಇರುತ್ತಾನೆ. ಹೆಗಲ ಮೇಲೊಂದು ಗಳ, ಗಳದ ತುದಿಗೆ ಕಟ್ಟಿದ ಹುಲ್ಲಿನ ಸಿಂಬೆ, ಸಿಂಬೆಯ ತುಂಬ ಚುಚ್ಚಿದ ಕೊಳಲು. ಅವನ ಬಾಯಲ್ಲಿ ಹಳೆಯ ಸಿನಿಮಾ ಹಾಡು ಸಲೀಸಾಗಿ ಬರುತ್ತದೆ. ಹಟ ಮಾಡಿ ಕೊಂಡ ಮಗು ಮನೆಗೆ ಬಂದು ಊದಿದರೆ ಬರೀ ಗಾಳಿ. ಬಹಳಷ್ಟು ಕೊಳಲುಗಳ ಕಥೆ ಅಲ್ಲಿಗೇ ಮುಗಿಯುತ್ತದೆ, ಅವು ಜಂತಿಯ ಸಂದಿ ಸೇರುತ್ತವೆ.

ಕೆಲವು ಮಕ್ಕಳು ಮಾತ್ರ ಬಿಡುವುದಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಅಂಥ ಒಬ್ಬ ಹುಡುಗನಿದ್ದಾನೆ, ನೇಕಾರರ ಮನೆಯವನು. ಬಾಯಿಗೆ ನೆಟ್ಟಗಿಟ್ಟು ಊದುವ ಬಿರಡೆ ಕೊಳಲಿನಿಂದ ಶುರು ಮಾಡಿದ. ಅದರ ತುದಿಯಲ್ಲೊಂದು ಮರದ ಬಿರಡೆ, ಪಕ್ಕದಲ್ಲಿ ಉಸಿರು ಹಾಯಲು ಸಣ್ಣ ಸಂದು, ಕೆಳಗೆ ಚೌಕನೆಯ ಕಿಂಡಿ. ಊದಿದ ಕೂಡಲೇ ನುಡಿಯುತ್ತದೆ. ಆಮೇಲೆ ಅಡ್ಡ ಹಿಡಿಯುವ ಚಿಕ್ಕ ಕೊಳಲಿಗೆ ಬಂದ. ಭೂಪ, ದುರ್ಗಾ ರಾಗಗಳ ಸಣ್ಣ ಬಂದಿಶ್‌ಗಳನ್ನು ಈಗ ತಪ್ಪಿಲ್ಲದೆ ನುಡಿಸುತ್ತಾನೆ. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತ.

“ಕಾಕಾ, ಇದು ಬಾಳ ಚೀರತೈತ್ರಿ. ಸ್ವಲ್ಪ ಇಳಿದ ಧ್ವನೀದು ಒಂದು ಬೇಕ್ರಿ. ರೊಕ್ಕ ಮಾತ್ರ ಬಾಳ ಇಲ್ರಿ.”

ಅವನ ಮಾತಿನಲ್ಲಿ ನನಗೆ ಇಡೀ ಊರಿನ ಕಿವಿ ಕೇಳಿಸಿತು. ಗದಗಿನಲ್ಲಿ ಬೆಳೆದ ಮಗುವಿಗೆ ಇಳಿದ ಧ್ವನಿ ಬೇಕೆನಿಸದಿದ್ದರೆ ಇನ್ನೆಲ್ಲಿಯ ಮಗುವಿಗೆ ಅನಿಸಬೇಕು? ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ 2010ರ ತನಕ ಪುಟ್ಟರಾಜ ಗವಾಯಿಗಳು, ತಾವೂ ಕಣ್ಣು ಕಾಣದವರಾಗಿದ್ದು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. 1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ್ದು ಇದೇ ಸೀಮೆಯಲ್ಲಿ. ವಿಲಂಬಿತ ಖ್ಯಾಲ್ ಕೇಳಿ ಬೆಳೆದ ಕಿವಿ ಮಂದ್ರ ಸಪ್ತಕದ ಪಂಚಮದಲ್ಲಿ ಕೂತು ಸಾವಕಾಶವಾಗಿ ಮೇಲಕ್ಕೆ ಬರುವ ದಾರಿಯನ್ನು ಬಲ್ಲದು. ಚಿಕ್ಕ ಕೊಳಲಿನಲ್ಲಿ ಆ ದಾರಿಗೆ ಆಳವಿಲ್ಲ.

ಹಿಂದೂಸ್ತಾನಿ ಸಂಗೀತಕ್ಕೆ ಆ ದಾರಿ ತೆರೆದವರು ಪನ್ನಾಲಾಲ್ ಘೋಷ್. 1911ರಲ್ಲಿ ಬಂಗಾಳದ ಬಾರಿಸಾಲದಲ್ಲಿ ಹುಟ್ಟಿ 1960ರಲ್ಲಿ ತೀರಿಕೊಂಡ ಅವರು ಬದುಕಿದ್ದು ಐವತ್ತು ವರ್ಷವೂ ಇಲ್ಲ. ಅಷ್ಟರಲ್ಲಿ ಜನಪದರ, ಗೊಲ್ಲರ ಕೈಯ ವಾದ್ಯವನ್ನು ಖ್ಯಾಲ್ ಹಾಡುವಷ್ಟು ದೊಡ್ಡದು ಮಾಡಿದರು. ನಾನಾ ವಸ್ತುಗಳಲ್ಲಿ ಕೊಳಲು ಮಾಡಿಸಿ ನೋಡಿ ಕೊನೆಗೆ ಬಿದಿರಿಗೇ ಬಂದರು, 32 ಇಂಚಿನ ಕೊಳಲಿನಲ್ಲಿ ನಿಂತರು. ನಮ್ಮ ನೆರೆಯ ಧಾರವಾಡದಲ್ಲಿ ವೆಂಕಟೇಶ ಗೋಡಖಿಂಡಿಯವರು ಬಾನ್ಸುರಿ ಎನ್ನುವ ಇದೇ ಹಿಂದೂಸ್ತಾನಿ ಕೊಳಲನ್ನು ಬೆಳೆಸಿದರು. ಅವರ ಮಗ ಪ್ರವೀಣ ಗೋಡಖಿಂಡಿಯವರು ಎಂಟಡಿ ಉದ್ದದ ಕೊಳಲನ್ನೂ ನುಡಿಸಿ ತೋರಿಸಿದ್ದಾರೆ. ಆಸೆಗೆ ಅಳತೆ ಎಲ್ಲಿದೆ!

ಹುಡುಗನ ಆಸೆಯ ಅಳತೆ 30 ಇಂಚು. ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಅದರ ಷಡ್ಜ ಬಿಳಿ 3, ಇಂಗ್ಲಿಷ್ ಲೆಕ್ಕದಲ್ಲಿ ಇ. ದೊಡ್ಡ ಕಛೇರಿಗಳಲ್ಲಿ ಕಲಾವಿದರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅವನ ಈಗಿನ ಕೊಳಲು ಬಿಳಿ 1, ಸುಮಾರು 19 ಇಂಚಿನದು. ಈ ಎರಡರ ನಡುವಿನ ಹನ್ನೊಂದು ಇಂಚಿನಲ್ಲಿ ಬೆಲೆ ಅಷ್ಟೊಂದು ಏರುವುದು ಯಾಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಉತ್ತರ ಬಿದಿರಿನ ಗೆಣ್ಣಿನಲ್ಲಿದೆ. ಬಾನ್ಸುರಿಯ ಒಳಗೆ ಗೆಣ್ಣು ಬರಬಾರದು. ಬಂದರೂ ಊದುವ ತುದಿಯ ಕೊನೆಗೇ ಬರಬೇಕು. ಹಾಗಾದರೆ ಎರಡು ಗೆಣ್ಣುಗಳ ನಡುವೆಯೇ 30 ಇಂಚು ನೆಟ್ಟಗಿನ, ದುಂಡಗಿನ, ತೆಳುಗೋಡೆಯ ಗಳ ಬೇಕು. ನಮ್ಮ ಮೇದಾರರು ಬುಟ್ಟಿ, ಮೊರ, ತಟ್ಟಿ ಹೆಣೆಯುವ ಬಿದಿರು ಇದಕ್ಕೆ ನಡೆಯುವುದಿಲ್ಲ, ಅದರ ಗೋಡೆ ದಪ್ಪ. ಕೊಳಲಿನ ಬಿದಿರು ಹೆಚ್ಚಾಗಿ ಅಸ್ಸಾಮಿನಿಂದ ಬರುತ್ತದೆ. ಉತ್ತರ ಪ್ರದೇಶದ ಪಿಲಿಭೀತ್ ಎಂಬ ಊರಲ್ಲಿ ಅದನ್ನು ಒಣಗಿಸಿ, ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತೂತು ಸುಟ್ಟು ಕೊಳಲು ಮಾಡುವ ಮನೆತನಗಳಿವೆ. ಬಹುಪಾಲು ಮುಸಲ್ಮಾನರು. ಕೃಷ್ಣನ ಕೈಯ ವಾದ್ಯ ಅವರ ಕೈಯಲ್ಲಿ ಹುಟ್ಟಿ, ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ನಮ್ಮ ಫಕೀರೇಶ್ವರ ಮಠದಂಥ ಕಡೆ ಮಾರಾಟವಾಗುವುದನ್ನು ನೆನೆದರೆ ನನಗೆ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತದೆ.

ಉದ್ದ ಗಳ ಅಪರೂಪ, ಆದ್ದರಿಂದ ತುಟ್ಟಿ. ಅದರಲ್ಲಿ ತೂತಿನ ಜಾಗ ಕೂದಲೆಳೆಯಷ್ಟು ತಪ್ಪಿದರೂ ಇಡೀ ಗಳ ಹಾಳು. ಹಾಗಾಗಿ ಒಳ್ಳೆಯ ಕೈ ಮಾಡಿದ ಬಿಳಿ 3ಕ್ಕೆ ನಾಲ್ಕೈದು ಸಾವಿರ, ಅದಕ್ಕೂ ಹೆಚ್ಚು ಬೀಳುತ್ತದೆ. ಸಾವಿರ-ಹನ್ನೆರಡು ನೂರಕ್ಕೆ ಸಿಗುವುದೂ ಉಂಟು. ಗಂಡಾಂತರ ಇರುವುದು ಅಲ್ಲಿ. ಅಗ್ಗದ ದೊಡ್ಡ ಕೊಳಲಿನಲ್ಲಿ ಮಧ್ಯ ಸಪ್ತಕ ಒಂದು ಶ್ರುತಿಗೆ, ತಾರ ಸಪ್ತಕ ಇನ್ನೊಂದು ಶ್ರುತಿಗೆ ನಿಂತಿರುತ್ತದೆ. ದಿನಾ ಅದನ್ನೇ ಊದುವ ಮಗುವಿನ ಕಿವಿ ಆ ಬೇಸುರಕ್ಕೆ ಒಗ್ಗಿಹೋಗುತ್ತದೆ. ಒಗ್ಗಿದ ಕಿವಿಯನ್ನು ತಿದ್ದುವುದು ಯಾವ ಗುರುವಿಗೂ ಸುಲಭವಲ್ಲ.

ಇನ್ನೊಂದು ತೊಡಕು ಕೈಯದು. ಬಿಳಿ 1ರಲ್ಲಿ ತೂತುಗಳ ನಡುವಿನ ಅಂತರ ಒಂದು ಇಂಚಿನೊಳಗೇ ಇರುತ್ತದೆ. ಬಿಳಿ 3ರಲ್ಲಿ ಅದು ಒಂದೂವರೆ ಇಂಚಿನ ಹತ್ತಿರ ಹೋಗುತ್ತದೆ. ಹುಡುಗನ ಕೈಗೆ ಒಂದು ಬಿಳಿ 3ನ್ನು ಕೊಟ್ಟು ನೋಡಿದೆ. ಎಡಗೈ ಹೇಗೋ ಹೊಂದಿತು. ಬಲಗೈಯ ಉಂಗುರ ಬೆರಳು ಕೊನೆಯ ತೂತಿಗೆ ಮುಟ್ಟುವಷ್ಟರಲ್ಲಿ ತೋರುಬೆರಳು ತನ್ನ ತೂತನ್ನು ಬಿಟ್ಟಿತ್ತು. ಬೆರಳನ್ನು ಚಪ್ಪಟೆಯಾಗಿ ಚಾಚಿ, ತುದಿಯಿಂದ ಮುಚ್ಚದೆ ಒಳಗಿನ ಮೆತ್ತನೆಯ ಭಾಗದಿಂದ ಮುಚ್ಚು ಎಂದು ತೋರಿಸಿದೆ. ಎರಡನೇ ಬೆರಳಿನ ಕೆಳಗಿನಿಂದ ಉಸಿರು ಸೋರುತ್ತಲೇ ಇತ್ತು. ಅಭ್ಯಾಸದಿಂದ ಬರುತ್ತದೆ, ಬಾರದೆ ಇಲ್ಲ. ಆದರೆ ಬರುವ ತನಕ ಮಣಿಕಟ್ಟು ನೋಯುತ್ತದೆ. ನೋವಿಗೆ ಹೆದರಿ ಕೊಳಲನ್ನೇ ಬಿಟ್ಟವರೂ ಇದ್ದಾರೆ.

ಹೀಗಾಗಿ ನನ್ನ ಮನಸ್ಸು ಬಿಳಿ 5ರ ಕಡೆ ವಾಲುತ್ತದೆ. ಸುಮಾರು 25 ಇಂಚು, ಹದಿನೈದು-ಹದಿನಾರರ ಹುಡುಗನ ಕೈಗೆ ಸ್ವಲ್ಪ ಚಾಚಿದರೆ ಎಟುಕುವ ಅಳತೆ. ಬೆಲೆಯೂ ಇಳಿಯುತ್ತದೆ: ದೊಡ್ಡದರಲ್ಲಿ ಅರೆಬರೆ ಕೊಳಲು ಸಿಗುವ ಹಣದಲ್ಲಿ ಇಲ್ಲಿ ಶ್ರುತಿ ಗಟ್ಟಿಯಾದ ಕೊಳಲೇ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಬಿಳಿ 5ರಲ್ಲಿ ಆರೂ ತೂತು ಮುಚ್ಚಿ ಊದಿದರೆ ಬರುವ ಪಂಚಮ ಹಾರ್ಮೋನಿಯಂನ ಬಿಳಿ 2. ಅದನ್ನೇ ಷಡ್ಜ ಮಾಡಿಕೊಂಡರೆ ಬಿಳಿ 2ಕ್ಕೆ ಹಾಡುವ ಗಂಡು ಕಂಠದ ಭಜನೆಗೆ ಜೊತೆ ನುಡಿಸಬಹುದು. ನಮ್ಮ ಹಳ್ಳಿಗಳ ಭಜನಾ ಮೇಳಗಳಲ್ಲಿ ಅಂಥ ಕಂಠಗಳಿಗೆ ಬರವಿಲ್ಲ. ಒಂದೇ ಕೊಳಲಿನಲ್ಲಿ ಎರಡು ಮನೆ.

ಲಕ್ಷ್ಮೇಶ್ವರದಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಮಾಸ್ತರರು. ಅವರ ವಾದ ಬೇರೆ. ಬೆಳಿಗ್ಗೆ ಸೋಮೇಶ್ವರ ಗುಡಿಯ ಕಂಬಗಳ ನಡುವೆ ಕೂತು ಅವರು ಊದುವುದು ಪಿ.ವಿ.ಸಿ. ಪೈಪಿನ ಬಿಳಿ 3ನ್ನು. ವೈರಿಂಗಿಗೆ ಬಳಸುವ ಪೈಪು, ಬೆಲೆ ಕೆಲವು ನೂರು ರೂಪಾಯಿ. ಕಲ್ಲಿನ ಮಂಟಪದಲ್ಲಿ ಅದರ ಮಂದ್ರ ಕೇಳಿದವರಿಗೆ ಪೈಪು ಎಂಬುದು ನೆನಪಿಗೆ ಬರುವುದಿಲ್ಲ. “ಬಿದಿರು ಸೀಳತದ, ಇದು ಸೀಳೂದಿಲ್ಲ. ಕೈ ಹೊಂದೂ ತನಕ ಇದರಾಗ ಊದ್ರಿ, ಆಮ್ಯಾಲೆ ಬಿದಿರು ತಗೋರಿ” ಎನ್ನುತ್ತಾರೆ. ಅವರ ಮಾತಿಗೆ ಅರ್ಥವಿದೆ. ಕೊಳಲಿನಲ್ಲಿ ನುಡಿಯುವುದು ಕೊಳವೆಯ ಒಳಗಿನ ಗಾಳಿ. ಒಳಗಿನ ಅಗಲ, ತೂತಿನ ಜಾಗ, ಊದುವ ತೂತಿನ ಅಂಚು ಸರಿಯಿದ್ದರೆ ಮುಕ್ಕಾಲು ಪಾಲು ಗೆದ್ದಂತೆ.

ಅವರ ಮಾತಿಗೆ ದೂರದ ಐರ್ಲೆಂಡಿನ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಅಲ್ಲಿಯ ಮಕ್ಕಳು ಕಲಿಯುವುದು ತಗಡಿನ ಪುಟ್ಟ ಕೊಳಲಿನಲ್ಲಿ, ನಮ್ಮ ಬಿರಡೆ ಕೊಳಲಿನ ಹಾಗೆ ನೆಟ್ಟಗೆ ಊದುವ ಟಿನ್ ವಿಸಲ್. ಫಿನ್‌ಬಾರ್ ಫ್ಯೂರಿ ಎಂಬ ಹೆಸರಾಂತ ಕಲಾವಿದನ ಹತ್ತಿರ ಒಂದು ಬಿದಿರಿನ ಕೊಳಲಿತ್ತು, ಅದು ಭಾರತದ್ದು. ಅವನಿಗೆ ಪ್ರಾಣಕ್ಕಿಂತ ಹೆಚ್ಚಾಗಿದ್ದ ಆ ಕೊಳಲು ಒಂದು ಅಪಘಾತದಲ್ಲಿ ಮುರಿಯಿತು. 1971ರಲ್ಲಿ ಬರ್ನಾರ್ಡ್ ಓವರ್ಟನ್ ಎಂಬ ಇಂಗ್ಲೆಂಡಿನ ಕುಶಲಕರ್ಮಿಯ ಹತ್ತಿರ ರಿಪೇರಿಗೆ ಒಯ್ದ. ರಿಪೇರಿ ಆಗಲಿಲ್ಲ. ಅದರ ಬದಲು ಓವರ್ಟನ್ ಲೋಹದ ಕೊಳವೆಯಲ್ಲಿ ಒಂದು ಹೊಸದನ್ನು ಮಾಡಿಕೊಟ್ಟ. ಅದರಿಂದ ಬೆಳೆದದ್ದೇ ಇವತ್ತು ಜಗತ್ತೆಲ್ಲ ಕೇಳುವ, ಇಳಿದ ಧ್ವನಿಯ ಲೋ ವಿಸಲ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಲೋ ಡಿ. ಆರೂ ತೂತು ಮುಚ್ಚಿದರೆ ಅದರಲ್ಲಿ ಬರುವ ಸ್ವರ ಬಿಳಿ 2, ನಮ್ಮ ಬಿಳಿ 5ರ ಕೊಳಲಿನ ತಳದ ಸ್ವರವೇ. ತಗಡಿನ ಪುಟ್ಟ ಕೊಳಲಿನಿಂದ ಮೇಲೇರುವ ಅಲ್ಲಿಯ ಹುಡುಗ ಬೆರಳು ಚಪ್ಪಟೆ ಮಾಡಿ ಒದ್ದಾಡುವುದೂ ನಮ್ಮ ಬೆಟಗೇರಿಯ ಹುಡುಗನಂತೆಯೇ. ನಮ್ಮ ಮುರಿದ ಬಿದಿರಿನಿಂದ ಅಷ್ಟು ದೂರದಲ್ಲೊಂದು ವಾದ್ಯ ಹುಟ್ಟಿತಲ್ಲ ಎಂದು ನನಗೆ ಹೆಮ್ಮೆ.

ಮರಳಿ ಅಂಗಡಿಗೆ ಬರೋಣ. ಕೊಳಲನ್ನು ಮೊದಲು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಗೋಡೆ ನುಣ್ಣಗಿರಬೇಕು, ಎಲ್ಲೂ ಸೀಳಿರಬಾರದು. ದಾರ ಸುತ್ತಿದ ಜಾಗದ ಕೆಳಗೆ ಸೀಳು ಅಡಗಿರುವುದುಂಟು, ಉಗುರಿನಿಂದ ಸವರಿ ನೋಡಬೇಕು. ಆಮೇಲೆ ಆರೂ ತೂತು ಮುಚ್ಚಿ ಮೆಲ್ಲಗೆ ಊದಬೇಕು. ಮಂದ್ರ ಪಂಚಮ ದುಡುಕಿಲ್ಲದ ಉಸಿರಿಗೇ ನುಡಿಯಬೇಕು. ಅದೇ ಬೆರಳಲ್ಲಿ ಉಸಿರು ಬಿಗಿ ಮಾಡಿದರೆ ಮೇಲಿನ ಪಂಚಮ ಸರಿಯಾಗಿ ಅದರ ಮೇಲೇ ಕೂರಬೇಕು. ತುಸು ಹೆಚ್ಚುಕಮ್ಮಿ ಇದ್ದರೆ ಊದುವ ತುದಿಯ ಬೆಂಡನ್ನು ಸರಿಸಿ ತಿದ್ದಬಹುದು, ಬಹಳ ಇದ್ದರೆ ಕೆಳಗಿಡಿ. ಮೊಬೈಲಿನಲ್ಲಿ ತಂಬೂರಿ ಹಚ್ಚಿ ಷಡ್ಜ, ಗಾಂಧಾರ, ಪಂಚಮ ನಿಲ್ಲಿಸಿ ನೋಡದೆ ರೊಕ್ಕ ಕೊಡಬೇಡಿ. ದೂರದಿಂದ ತರಿಸುವುದಾದರೆ ಮಾಡುವವರನ್ನೇ ಕೇಳಿ, ತಂಬೂರಿಯ ಮೇಲೆ ಅದೇ ಕೊಳಲನ್ನು ಊದಿ ಫೋನಿನಲ್ಲಿ ಕಳಿಸುತ್ತಾರೆ.

ತಂದ ಮೇಲೆ ನಮ್ಮ ಹವೆಯದೊಂದು ಕಾಟ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಬೇಸಿಗೆಯ ಒಣಗಾಳಿ ಬಿದಿರನ್ನು ಹಿಂಡುತ್ತದೆ. ಅಸ್ಸಾಮಿನ ತೇವದಲ್ಲಿ ಬೆಳೆದ ಗಳ ಮುಂಡರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ಸೀಳು ಬಿಟ್ಟರೆ ಅದರ ತಪ್ಪಲ್ಲ. ಬಟ್ಟೆಯ ಚೀಲದಲ್ಲಿಡಿ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬೇಡಿ. ಆಗಾಗ ಕೋಲಿಗೆ ಬಟ್ಟೆ ಸುತ್ತಿ ಸಾಸಿವೆ ಎಣ್ಣೆಯನ್ನು ಒಳಗೆ ತೆಳ್ಳಗೆ ಸವರಿ. ಗಾಳಿ ಬಿಸಿಯಾದಷ್ಟೂ ಕೊಳಲಿನ ಸ್ವರ ಏರುತ್ತದೆ, ಹಾರ್ಮೋನಿಯಂ ಏರುವುದಿಲ್ಲ. ಬೇಸಿಗೆಯ ಭಜನೆಯಲ್ಲಿ ಎರಡೂ ಹೊಂದದಿದ್ದರೆ ಹುಡುಗನನ್ನು ಬೈಯಬೇಡಿ, ಊದುವ ತೂತನ್ನು ತುಸು ಒಳಮುಖ ಹೊರಳಿಸಲು ಹೇಳಿ.

ನಮ್ಮ ಓಣಿಯ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಈಗೊಂದು ಒಳ್ಳೆಯ ಬಿಳಿ 5 ತಗೋ, ಜೊತೆಗೆ ಮಾಸ್ತರರ ಹತ್ತಿರ ಹೋಗಿ ಒಂದು ಪೈಪಿನ ಬಿಳಿ 3 ಮಾಡಿಸಿಕೋ. ಬೆರಳು ಹೊಂದಿದ ಮೇಲೆ ದೊಡ್ಡ ಬಿದಿರಿಗೆ ರೊಕ್ಕ ಕೂಡಿಸೋಣ. ಅವನು ಒಪ್ಪಿದ್ದಾನೆ.

ಗದಗ-ಬೆಟಗೇರಿಯಲ್ಲಿ ಸಂಗೀತದ ಸಾಮಾನು ಮಾರುವವರಲ್ಲಿ ನನ್ನದೊಂದು ವಿನಂತಿ. ಗಾಜಿನ ಕಪಾಟಿನ ಹೊರಗೆ ಶ್ರುತಿ ನೋಡಿದ ಒಂದು ಬಿಳಿ 5, ಒಂದು ಬಿಳಿ 3 ಕೊಳಲನ್ನು ಮಕ್ಕಳು ಹಿಡಿದು ಊದಿ ನೋಡಲೆಂದೇ ಇಡಿ. ಕೊಂಡರೂ ಸೈ, ಕೊಳ್ಳದಿದ್ದರೂ ಸೈ.