ಸವಳು ನೀರಿನ ಒಕ್ಕಲುತನ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಭೂಗೋಳವನ್ನು ಐಚ್ಛಿಕವಾಗಿ ತೆಗೆದುಕೊಂಡ ಕಲಾ ವಿಭಾಗದವನು. ಆದುದರಿಂದ ಈ ಲೇಖನದಲ್ಲಿ ಶಾಸ್ತ್ರಕ್ಕಿಂತ ಹೊಲದ ಮಣ್ಣಿನ ವಾಸನೆಯೇ ಹೆಚ್ಚಾಗಿದ್ದರೆ ವಾಚಕರು ಮನ್ನಿಸಬೇಕು.

ನಮ್ಮೂರು ನವಲಗುಂದ ತಾಲೂಕಿನಲ್ಲಿರುವದು. ಸುತ್ತಲೂ ಎರಿ ಹೊಲ. ಬಾವಿ ತೋಡಿದರೆ ಸವಳು ನೀರು. ಕುಡಿಯಲು ಕೆರೆಯ ನೀರೇ ಗತಿಯೆಂದು ಬಾಳಿದವರು ನಮ್ಮ ಹಿರಿಯರು. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು, ಮುಂದೆ ಮಲಪ್ರಭೆಯ ನೀರು ನಮ್ಮ ಕಡೆಗೆ ಬಂದಾಗ ನಮ್ಮಜ್ಜ ಕಾಲುವೆಗೆ ಕಾಯಿ ಒಡೆದನಂತೆ. ಬಂದ ನೀರನ್ನು ಒಲ್ಲೆನೆನ್ನುವ ಒಕ್ಕಲಿಗನುಂಟೇ? ಹೊಲದ ತುಂಬ ಹರಿಸಿದ. ಅದು ಬಸಿದು ಹೋಗಲು ದಾರಿ ಬೇಕೆಂಬುದು ಆಗ ಅವನಿಗೆ ಹೊಳೆಯಲಿಲ್ಲ. ಆಳದಲ್ಲಿದ್ದ ಉಪ್ಪು ನೀರಿನೊಡನೆ ಮೇಲೇರಿತು. ನೀರು ಆರಿತು, ಉಪ್ಪು ಉಳಿಯಿತು. ತಗ್ಗಿನ ಎರಡು ಎಕರೆಯ ಮೇಲೆ ಬೇಸಿಗೆಯಲ್ಲಿ ಈಗ ಬಿಳಿಯ ಹಕ್ಕಳೆ ಕಾಣುವದು. ಅಪ್ಪ ಅದಕ್ಕೆ 'ಸತ್ತ ಹೊಲ' ಎಂದು ಹೆಸರಿಟ್ಟಿದ್ದಾನೆ. ಹೋದ ವರ್ಷ ಅದನ್ನು ಬಂದಷ್ಟಕ್ಕೆ ಮಾರಿಬಿಡುವ ಮಾತು ನಡೆದಿತ್ತು. ಆ ಹಣದಲ್ಲಿ ನನ್ನ ಓದಿನ ಖರ್ಚೂ ಸೇರಿದ್ದಿತು; ಆದುದರಿಂದ ನಾನು ಬಾಯಿ ತೆರೆಯಲಿಲ್ಲ.

ಇಂಥ ಮನಃಸ್ಥಿತಿಯಲ್ಲಿರುವಾಗಲೇ ನಮ್ಮ ವರ್ಗದ ಪ್ರವಾಸವು ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ ಸರೋವರಕ್ಕೆ ಹೊರಟಿತು. ಉಲ್ಕೆಯೊಂದು ಬಿದ್ದು ಕರಿಗಲ್ಲಿನ ನೆಲದಲ್ಲಿ ಕೊರೆದ ಕುಳಿಯದು. ಅಗಲ ಸುಮಾರು 1.8 ಕಿಲೋಮೀಟರು. ಅಂಚಿನಲ್ಲಿ ಗೋಮುಖದಿಂದ ಸಿಹಿನೀರು ಧುಮುಕುತ್ತಿರುವದು. ತಳದಲ್ಲಿ ಸವಳು ನೀರು ನಿಂತಿರುವದು. ಒಳಗೆ ಬಂದ ನೀರಿಗೆ ಹೊರಗೆ ಹರಿಯುವ ದಾರಿಯಿಲ್ಲ. ಬಿಸಿಲಿಗೆ ಆರುವದೊಂದೇ ದಾರಿ. ನಮ್ಮ ತಗ್ಗಿನ ಹೊಲದ ಕಥೆಯೇ ದೊಡ್ಡದಾಗಿ ನನ್ನ ಮುಂದೆ ಬಿದ್ದಂತಿತ್ತು.

"ಇದೂ ಸತ್ತ ನೀರೇ ಅಲ್ಲವೇ, ಸರ್?" ಎಂದೆ.

ಗುರುಗಳು ನಕ್ಕು, "ಸತ್ತಿದ್ದರೆ ಈ ಹಸಿರು ಯಾರದಪ್ಪಾ?" ಎಂದರು.

ನಿಜ, ನೀರು ಹಸಿರಾಗಿತ್ತು. ಹಾವಸೆಯೆಂದು ನಾವು ಕಡೆಗಣಿಸುವದು ಅಲ್ಲಿ ಕಣ್ಣಿಗೆ ಕಾಣದ ನೀಲಿ-ಹಸಿರು ಜೀವಿಗಳ ದೊಡ್ಡ ಒಕ್ಕಲುತನ. ಶುದ್ಧ ನೀರಿನ ಪಿಎಚ್ 7 ಆದರೆ, ಲೋಣಾರದ್ದು 10ರ ಆಸುಪಾಸಿನಲ್ಲಿದ್ದುದನ್ನು ಅನೇಕ ಸಲ ಅಳೆದಿದ್ದಾರೆ. ಇಂಥ ಕ್ಷಾರಜಲವು ಗಾಳಿಯ ಇಂಗಾಲಾಮ್ಲವನ್ನು ಕರಗಿಸಿ ಸೋಡಾ ಲವಣಗಳ ರೂಪದಲ್ಲಿ ಹಿಡಿದಿಡುವದು. ಜೀವಿಗಳು ಬಿಸಿಲಿನ ಬಲದಿಂದ ಆ ಇಂಗಾಲವನ್ನು ತೆಗೆದುಕೊಂಡು ತಮ್ಮ ಮೈ ಕಟ್ಟಿಕೊಳ್ಳುವವು. ನೀರಿನಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟಕ್ಕೆ ಮತ್ತೆ ಗಾಳಿಯಿಂದ ಬಂದು ಸೇರಲು ಎಡೆಯಾಗುವದು. ಅವು ಇಂಗಾಲವನ್ನು ಹೀರಿದಂತೆಲ್ಲ ನೀರಿನ ಕ್ಷಾರ ಏರಿ, ಸುಣ್ಣವೂ ಹರಳುಗಟ್ಟಿ ತಳಕ್ಕಿಳಿಯುವದುಂಟು.

ಆದರೆ ಬೆಳೆದುದೆಲ್ಲ ಕಣಜ ಸೇರದೆಂಬುದು ಒಕ್ಕಲಿಗನ ಮಗನಿಗೆ ಗೊತ್ತು. ಸತ್ತ ಜೀವಿಗಳನ್ನು ಬೇರೆ ಸೂಕ್ಷ್ಮಜೀವಿಗಳು ತಿನ್ನುವವು. ಇಂಗಾಲದ ಹೆಚ್ಚಿನ ಪಾಲು ಇಂಗಾಲಾಮ್ಲವಾಗಿಯೋ ಮೀಥೇನ್ ವಾಯುವಾಗಿಯೋ ಮರಳುವದು. ಆ ಮೀಥೇನನ್ನೇ ಉಣ್ಣುವ ಜೀವಿಗಳೂ ಲೋಣಾರದಲ್ಲಿರುವವು! ಉಳಿದ ಸ್ವಲ್ಪ ಭಾಗ ಮಾತ್ರ ಗಾಳಿಯಾಡದ ಕೆಸರಿನಲ್ಲಿ ಹೂತು ಉಳಿಯುವದು. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಯುತ್ತಿದ್ದರಲ್ಲವೇ? ಸರೋವರದ ಕೆಸರು ಇಂಗಾಲದ ಹಗೇವು.

2020ರ ಜೂನಿನಲ್ಲಿ ಈ ನೀರು ಗುಲಾಬಿ ಬಣ್ಣ ತಾಳಿತ್ತು. ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯವರು ಪರೀಕ್ಷಿಸಿ, ಉಪ್ಪನ್ನೇ ಮೆಚ್ಚುವ ಹ್ಯಾಲೋಆರ್ಕಿಯಾ ಎಂಬ ಜೀವಿಗಳು ಇದಕ್ಕೆ ಕಾರಣವೆಂದರು. ಅದೇ ವರ್ಷ ಸರೋವರವು ರಾಮ್ಸರ್ ಪಟ್ಟಿಗೆ ಸೇರಿತು. ಸವಳು ನೀರಿಗೂ ಮರ್ಯಾದೆಯುಂಟೆಂದು ಕೇಳಿ ನನಗೆ ಸಂತೋಷವಾಯಿತು.

ಮರಳುವ ಹಾದಿಯಲ್ಲಿ ಗುರುಗಳು ಇನ್ನೊಂದು ಸಂಗತಿ ಹೇಳಿದರು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರು ಈ ನಾಡಿನ ಪ್ರಾಚೀನ ಶಿಲಾಸಮೂಹವೊಂದಕ್ಕೆ ಧಾರವಾಡದ ಹೆಸರಿಟ್ಟರು. ಆ ಸಮೂಹಕ್ಕೆ ಸೇರಿದ ಚಿತ್ರದುರ್ಗದ ಕಡೆಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರುಗಳಿರುವವು. 250 ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ಕಡಲಿನಲ್ಲಿ, ಇಂಥ ಸೂಕ್ಷ್ಮಜೀವಿಗಳ ಹಾಸಿನ ಮೇಲೆ ಹಾಸು ಕೂಡಿ ಆದ ಕಲ್ಲುಗಳವು. ಅಂದಿನ ಇಂಗಾಲ ಇಂದಿಗೂ ಅಲ್ಲಿ ಭದ್ರವಾಗಿದೆ. ನಮ್ಮ ಜಿಲ್ಲೆಯ ಹೆಸರು ಹೊತ್ತ ಕಲ್ಲಿನಲ್ಲಿಯೇ ಈ ಒಕ್ಕಲುತನದ ಹಳೆಯ ಲೆಕ್ಕವಿದೆಯೆಂದು ನಾನು ಅರಿತಿರಲಿಲ್ಲ.

ಊರಿಗೆ ಬಂದು ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅಪ್ಪ ರೊಟ್ಟಿ ಮುರಿಯುವದನ್ನು ನಿಲ್ಲಿಸಿ ಕೇಳಿದ:

"ಅಲ್ಲೋ ತಮ್ಮಾ, ಆ ಜೀವಾ ತಂದು ಬಿಟ್ರ ನಮ್ಮ ಹೊಲದ ಸವಳ ಹೋಗತೈತೇನು?"

ಹೌದೆನ್ನಲು ನಾಲಿಗೆ ತುದಿಗೆ ಬಂದಿತ್ತು. ಅವನ ಕಣ್ಣಿನಲ್ಲಿದ್ದ ಆಸೆಯನ್ನು ಕಂಡು ಸುಳ್ಳು ಹೇಳಲಾಗಲಿಲ್ಲ.

"ಇಲ್ಲಪ್ಪಾ. ಅವು ಸವಳಿನ್ಯಾಗ ಬಾಳತಾವ, ಸವಳ ತಗಿಯೂದಿಲ್ಲ. ನಮ್ಮ ಹೊಲಕ್ಕ ಬಸಿಗಾಲುವಿನ ಬೇಕು."

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅಷ್ಟ ದೂರ ಹೋಗಿ ಇದ್ದದ್ದ ಹೇಳಿದೆಲ್ಲ, ಬಿಡು" ಎಂದ.

ಮಾರಾಟದ ಮಾತು ಸದ್ಯಕ್ಕೆ ನಿಂತಿದೆ. ಕೆಳಗಿನ ಹೊಲದವರನ್ನು ಒಪ್ಪಿಸಿ, ಅವರ ಬದುವಿನ ಗುಂಟ ಹಳ್ಳದವರೆಗೆ ಬಸಿಗಾಲುವೆ ತೋಡುತ್ತಿದ್ದೇವೆ, ಅರ್ಧ ಮುಗಿದಿದೆ. ರಜೆಯಲ್ಲಿ ನಾನೂ ಸಲಿಕೆ ಹಿಡಿದಿದ್ದೆ. ಆ ಎರಡು ಎಕರೆಯಲ್ಲಿ ಮತ್ತೆ ಜೋಳ ತೂಗುವದೋ ಇಲ್ಲವೋ, ಮೂರು ನಾಲ್ಕು ಮಳೆಗಾಲ ಉರುಳಬೇಕು. ಆದರೆ ಮೊನ್ನೆ ಅಗೆಯುವಾಗ ಕೈಗೆ ಬಂದ ಸುಣ್ಣದ ಹರಳೊಂದನ್ನು ಅಪ್ಪನಿಗೆ ತೋರಿಸಿ, ಇದರೊಳಗೂ ಇಂಗಾಲವಿದೆ, ಬೇರುಗಳೂ ಮಣ್ಣಿನ ಜೀವಿಗಳೂ ಬಿಟ್ಟ ಉಸಿರು ಸುಣ್ಣದೊಡನೆ ಕೂಡಿ ಹೀಗೆ ಕಲ್ಲಾಗುವದುಂಟು ಎಂದೆ. ಅವನು ಅದನ್ನು ತಿರುಗಿಸಿ ನೋಡಿದ; ಬದುವಿನ ಮೇಲೆ ಬಿಸಾಡದೆ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಅಂದಿನಿಂದ ಆ ಹೊಲವನ್ನು ಅವನು 'ತಗ್ಗಿನ ಹೊಲ' ಎಂದೇ ಕರೆಯುತ್ತಿದ್ದಾನೆ.