ಬೋನೆಸ್‌ನಲ್ಲೊಂದು ‘ಮಾಡ್’

ಎಡಿನ್‌ಬರೋಗೆ ಹೋದವರು ಸಾಮಾನ್ಯವಾಗಿ ಕೋಟೆ ನೋಡಿ, ಉಣ್ಣೆಯ ಶಾಲೊಂದನ್ನು ಕೊಂಡು ಹಿಂದಿರುಗುತ್ತಾರೆ. ನಿಮಗೆ ಒಂದು ದಿನ ಹೆಚ್ಚಿಗೆ ಸಿಕ್ಕಿತೆನ್ನಿ, ಲಿನ್‌ಲಿತ್‌ಗೋವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಬೋನೆಸ್ ಎಂಬ ಸಣ್ಣ ಊರಿಗೆ ಹೋಗಿಬನ್ನಿ. ಫೋರ್ತ್ ಅಳಿವೆಯ ದಡದ ಊರು. ಒಂದು ಕಾಲಕ್ಕೆ ಇಲ್ಲಿ ಕಲ್ಲಿದ್ದಲು ಹಡಗು ಹತ್ತುತ್ತಿತ್ತು, ಗಣಿಯ ಸುರಂಗಗಳಿಗೆ ಆಸರೆ ಕೊಡುವ ಮರದ ಕಂಬಗಳು ಬಂದಿಳಿಯುತ್ತಿದ್ದವು. 1959ರಲ್ಲಿ ಬಂದರು ಮುಚ್ಚಿತು. ಈಗ ಪರಊರಿನ ಜನ ಬರುವುದು ಹಳೆಯ ರೈಲು ನೋಡಲು. ಸ್ಕಾಟಿಷ್ ರೈಲ್ವೆ ಸಂರಕ್ಷಣಾ ಸಂಘದವರು ಸುಮಾರು ಐದು ಮೈಲಿ ದಾರಿಯಲ್ಲಿ ಗಾಡಿ ಓಡಿಸುತ್ತಾರೆ, ಪಕ್ಕದಲ್ಲೇ ಮ್ಯೂಸಿಯಂ ಇಟ್ಟಿದ್ದಾರೆ. ಈ ಸಂಘದವರೇ ಉಳಿಸಿಕೊಂಡ ಎಂಜಿನ್ನುಗಳಲ್ಲಿ ಒಂದರ ಹೆಸರು ‘ಮಾಡ್’.

ಮಾಡ್ ಅಂದರೆ ಆ ಕಡೆ ಹೆಣ್ಣುಮಕ್ಕಳ ಹೆಸರು. ಇಂಗ್ಲಿಷಿನವರು ಎಂಜಿನ್ನನ್ನು ‘ಅವಳು’ ಅಂತಲೇ ಕರೆಯುವುದರಿಂದ ಯಾರೋ ಮುದ್ದಿನ ಮಗಳ ಹೆಸರಿಟ್ಟಿರಬೇಕು ಅನ್ನಿಸುತ್ತದೆ. ನಮ್ಮ ಕಿವಿಗಂತೂ ‘ಕೆಲಸ ಮಾಡು’ ಅಂದಹಾಗೇ ಕೇಳಿಸುತ್ತದೆ. ಅದೇನೂ ತಪ್ಪಲ್ಲ ಬಿಡಿ. 1891ರಲ್ಲಿ ಗ್ಲಾಸ್ಗೋದ ನೀಲ್ಸನ್ ಕಾರ್ಖಾನೆಯಿಂದ ಹೊರಬಿದ್ದ ಈ ಎಂಜಿನ್ 1966ರವರೆಗೆ, ಸುಮಾರು ಮುಕ್ಕಾಲು ಶತಮಾನ, ದುಡಿದೇ ದುಡಿಯಿತು. ಕಲ್ಲಿದ್ದಲು, ಮರಮುಟ್ಟು, ದನಕರು, ಧಾನ್ಯ, ಹೀಗೆ ಗೂಡ್ಸ್ ಗಾಡಿಗೆ ಬೀಳುವ ಹೊರೆಯೇ ಇದರ ಪಾಲಿಗೂ. ರಾಣಿ ಮಹಾರಾಜರ ಗಾಡಿ ಎಳೆಯುವ ಎಂಜಿನ್ನುಗಳ ಗತ್ತು ಇದಕ್ಕಿಲ್ಲ. ಉದ್ದನೆಯ ಹೊಗೆಗೊಳವೆ, ಐದಡಿ ಎತ್ತರದ ಆರು ಚಕ್ರ, ಆರಕ್ಕೂ ಹಬೆಯ ಬಲ. ಇಂಥ 168 ಎಂಜಿನ್ನುಗಳನ್ನು ನಾರ್ತ್ ಬ್ರಿಟಿಷ್ ರೈಲ್ವೆಗಾಗಿ 1888ರಿಂದ 1900ರೊಳಗೆ ಕಟ್ಟಿದರು. ನಕ್ಷೆ ಮ್ಯಾಥ್ಯೂ ಹೋಮ್ಸ್ ಅವರದು.

ಇದರೊಳಗಿನ ವ್ಯವಹಾರ ಅಡುಗೆಮನೆ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಕುಕ್ಕರಿನೊಳಗೆ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡು. ಈ ಬಾಯ್ಲರಿನಲ್ಲಿ 165. ಕುಕ್ಕರಿನಲ್ಲಿ ನೀರು ಬತ್ತಿದರೆ ಸೇಫ್ಟಿ ವಾಲ್ವ್ ಕರಗುವುದಿಲ್ಲವೇ, ಹಾಗೇ ಇಲ್ಲೂ ಒಲೆಯ ನೆತ್ತಿಯ ಮೇಲೆ ನೀರು ಕಡಿಮೆಯಾದರೆ ಕರಗಲೆಂದು ಸೀಸದ ಬಿರಡೆ ಇಟ್ಟಿರುತ್ತಾರೆ. ಅದು ಕರಗಿತೆಂದರೆ ಫೈರ್‌ಮನ್ನಿನ ಮಾನ ಹೋಯಿತು. ತಣ್ಣಗಿದ್ದ ಎಂಜಿನ್ನಿಗೆ ಉರಿ ಹಾಕಿ ಹಬೆ ಏರಿಸಲು ಹಲವು ಗಂಟೆ ಬೇಕು. ಸಲಿಕೆ ಸಲಿಕೆಯಾಗಿ ಕಲ್ಲಿದ್ದಲು ಎಸೆಯಬೇಕು, ಅದೂ ಒಲೆಯ ಮೂಲೆಮೂಲೆಗೂ ಸಮನಾಗಿ. ದಿನದ ಕೊನೆಗೆ ಬೂದಿ ಬಳಿಯುವುದು ಬೇರೆ. ಅದೇ ಸಲಿಕೆಯನ್ನು ತೊಳೆದು, ಅದರ ಮೇಲೆ ಮೊಟ್ಟೆ ಹುರಿದು ತಿನ್ನುವುದೂ ಆ ಕಾಲದ ರೈಲ್ವೆ ಜನರಲ್ಲಿ ರೂಢಿ. ಅಳತೆ ಕೇಳಬೇಡಿ.

ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಆಗಿನ ವ್ಯಾಗನ್ನುಗಳಿಗೆ ಡ್ರೈವರ್ ಹಾಕಬಲ್ಲಂಥ ಬ್ರೇಕು ಇರಲಿಲ್ಲ. ಮುಂದೆ ಎಂಜಿನ್ನಿನ ಬ್ರೇಕು, ಹಿಂದೆ ಗಾರ್ಡಿನ ಡಬ್ಬಿಯ ಕೈಬ್ರೇಕು, ನಡುವೆ ಸಡಿಲ ಕೊಂಡಿಗಳಲ್ಲಿ ಲಟಲಟ ಎನ್ನುವ ಕಲ್ಲಿದ್ದಲಿನ ಸಾಲು. ಕಡಿದಾದ ಇಳಿಜಾರು ಬಂದರೆ ಗಾಡಿ ನಿಲ್ಲಿಸಿ, ಗಾರ್ಡು ಮಳೆಯಾಗಲಿ ಹಿಮವಾಗಲಿ ಕೆಳಗಿಳಿದು, ವ್ಯಾಗನ್ನುಗಳ ಹಿಡಿಗಳನ್ನು ಕೋಲಿನಿಂದ ಒಂದೊಂದಾಗಿ ಅದುಮಿ ಬಿಗಿಯಬೇಕಿತ್ತು.

ಇನ್ನು ಹೆಸರಿನ ಕತೆ. 1917ರಲ್ಲಿ ಈ ಜಾತಿಯ 25 ಎಂಜಿನ್ನುಗಳನ್ನು ಹಡಗಿಗೇರಿಸಿ ಫ್ರಾನ್ಸಿನ ಯುದ್ಧಭೂಮಿಗೆ ಕಳಿಸಿದರು. 1919ರಲ್ಲಿ ಅವು ಹಿಂದಿರುಗಿದಾಗ ಸನ್ಮಾನವೆಂದು ಒಂದೊಂದಕ್ಕೂ ಹೆಸರಿಟ್ಟರು. ಹಿತ್ತಾಳೆಯ ಫಲಕವೇನಿಲ್ಲ, ಚಕ್ರದ ಮೇಲಿನ ಕಮಾನು ತಗಡಿನ ಮೇಲೆ ಬಣ್ಣದಲ್ಲಿ ಬರೆದದ್ದು ಅಷ್ಟೇ. ಸೋಮ್, ವೆರ್ಡನ್, ಮಾರ್ನ್ ಎಂಬ ಕದನಗಳ ಹೆಸರು. ಹೇಗ್, ಫೋಶ್ ಎಂಬ ಸೇನಾಪತಿಗಳ ಹೆಸರು. ನಮ್ಮ ‘ಮಾಡ್’ ಕೂಡ ಹೆಣ್ಣಲ್ಲ, ಜನರಲ್ ಸ್ಟಾನ್ಲಿ ಮಾಡ್! 1917ರ ಮಾರ್ಚಿನಲ್ಲಿ ಬಾಗ್ದಾದನ್ನು ಹಿಡಿದು, ಅದೇ ನವೆಂಬರಿನಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡವರು. ಅವರ ಸೇನೆಯಲ್ಲಿ ಬಹಳಷ್ಟು ಮಂದಿ ಭಾರತದ ಸಿಪಾಯಿಗಳು. ಇನ್ನೊಂದು ಎಂಜಿನ್ ‘ಅಲೆನ್‌ಬಿ’. 1918ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಹೈಫಾದಲ್ಲಿ ಕಾದಾಡಿದ್ದು ಈ ಅಲೆನ್‌ಬಿಯ ಸೇನೆಯಲ್ಲೇ. ಇಷ್ಟು ದೊಡ್ಡವರ ನಡುವೆ ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ಒಂದೇ ಎಂಜಿನ್, ‘ಓಲ್ ಬಿಲ್’. ಅವನೂ ವ್ಯಂಗ್ಯಚಿತ್ರದ ಪಾತ್ರ, ದೊಡ್ಡ ಮೀಸೆಯ ಮುದುಕ.

ಅದೇ ವರ್ಷಗಳಲ್ಲಿ ಗಂಡಸರು ಯುದ್ಧಕ್ಕೆ ಹೋದರೆಂದು ಬ್ರಿಟನ್ನಿನ ಎಂಜಿನ್ ಶೆಡ್ಡುಗಳಿಗೆ ಹೆಂಗಸರು ಬಂದಿದ್ದರು. ಎಣ್ಣೆ, ಮಸಿ, ಬೂದಿಯ ನಡುವೆ ನಿಂತು ಎಂಜಿನ್ ಒರೆಸುವ ಕೆಲಸ. ಶೆಡ್ಡಿನಲ್ಲಿ ಒರೆಸುವ ಹುಡುಗ ಮುಂದೆ ಫೈರ್‌ಮನ್ ಆಗಿ, ಆಮೇಲೆ ಡ್ರೈವರ್ ಆಗುವುದು ಪದ್ಧತಿ. ಹೆಂಗಸರಿಗೆ ಒರೆಸುವ ಬಟ್ಟೆಯಷ್ಟೇ ದಕ್ಕಿತು. ಗಂಡಸರು ಹಿಂದಿರುಗಿದೊಡನೆ ಬಹುಪಾಲು ಹೆಂಗಸರನ್ನು ಮನೆಗೆ ಕಳಿಸಿಬಿಟ್ಟರು. ಇಪ್ಪತ್ತೈದು ಹೆಸರು ಬರೆಸಿದವರಿಗೆ ಅವರಲ್ಲಿ ಒಬ್ಬಳ ನೆನಪೂ ಬರಲಿಲ್ಲ ನೋಡಿ. ಎರಡನೇ ಮಹಾಯುದ್ಧ ಬಂದಾಗ ಮತ್ತೆ ಹೆಂಗಸರನ್ನೇ ಕರೆದರು.

‘ಮಾಡ್’ ಆಗಲೂ ಇದ್ದಳು. ಮಾಲೀಕರು ಬದಲಾದಂತೆಲ್ಲ ಅವಳ ನಂಬರು ಬದಲಾಯಿತು: 673 ಇದ್ದದ್ದು 9673, ಆಮೇಲೆ 5243, ಕೊನೆಗೆ 65243. ಸೇವೆಯಿಂದ ತೆಗೆದ ಮೇಲೆ ಸಂಘದವರು ಕೊಂಡುಕೊಂಡರು. ಓರಗೆಯ ಕೊನೆಯ ಎರಡು ಎಂಜಿನ್ನುಗಳು 1967ರ ಜೂನ್‌ವರೆಗೂ ಫೈಫ್ ಕಡೆ ದುಡಿದವು. ಸ್ಕಾಟ್ಲೆಂಡಿನ ಸರ್ಕಾರಿ ರೈಲ್ವೆಯಲ್ಲಿ ಕಟ್ಟಕಡೆಯ ಹಬೆ ಎಂಜಿನ್ನುಗಳೂ ಅವೇ. 1980ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿಗೆ 150 ವರ್ಷವಾದ ಉತ್ಸವ. ಆಗ ತೊಂಬತ್ತರ ಹತ್ತಿರವಿದ್ದ ಈ ಮುದುಕಿ ಯಾರೂ ಎಳೆಯದೆ, ತನ್ನ ಹಬೆಯಲ್ಲೇ ಅಷ್ಟು ದೂರ ಹೋಗಿಬಂದಳು.

ಬೋನೆಸ್‌ಗೆ ಹೋಗುವವರು ಸ್ವೆಟರ್ ಮರೆಯಬೇಡಿ, ಬೇಸಗೆಯಲ್ಲೂ ಅಳಿವೆಯ ಗಾಳಿ ಕೊರೆಯುತ್ತದೆ. ಗಾಡಿ ಎಲ್ಲಾ ದಿನ ಓಡುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ. ನಿಲ್ದಾಣದಲ್ಲಿ ಕಾಯುವಾಗ ತಲೆಯೆತ್ತಿ ನೋಡಿ: ಆ ಚಾವಣಿ ಎಡಿನ್‌ಬರೋದ ಹೇಮಾರ್ಕೆಟ್ ನಿಲ್ದಾಣದಿಂದ ಬಿಚ್ಚಿ ತಂದದ್ದು, 1842ರದು.